ಕೈಗೆ ತಕ್ಕ ಕ್ಯಾಮೆರಾ

ನಿವೃತ್ತ ಉಪಾಧ್ಯಾಯರಾದ ನಮ್ಮ ಪರಿಚಿತರೊಬ್ಬರ ಬೀರುವಿನಲ್ಲಿ ಎರಡು ವರ್ಷಗಳಿಂದ ಒಂದು ದೊಡ್ಡ ಡಿಜಿಟಲ್ ಕ್ಯಾಮೆರಾ ಬೆಚ್ಚಗೆ ಮಲಗಿದೆ. ಹೊರದೇಶದಲ್ಲಿರುವ ಮಗ ಪ್ರೀತಿಯಿಂದ ತಂದುಕೊಟ್ಟದ್ದು. ಮೇಷ್ಟರಿಗೆ ಒಂದು ಹವ್ಯಾಸವಿದೆ. ಸುತ್ತಮುತ್ತಲ ಹಳ್ಳಿಗಳ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳನ್ನು ಹುಡುಕಿ ಅವುಗಳ ಚಿತ್ರ ತೆಗೆದಿಡುವುದು. ಆದರೆ ಮಗ ಕೊಟ್ಟ ಕ್ಯಾಮೆರಾದ ಮೈತುಂಬ ಗುಂಡಿಗಳು; ಅದರ ಕೈಪಿಡಿ ನೂರಾರು ಪುಟಗಳದ್ದು; ಉದ್ದನೆಯ ಮಸೂರ ಸೇರಿದರೆ ತೂಕ ಒಂದೂವರೆ ಕಿಲೋ. ಒಮ್ಮೆ ಹೊತ್ತುಕೊಂಡು ಹೋಗಿ, ಮಸುಕು ಮಸುಕಾದ ಚಿತ್ರಗಳೊಂದಿಗೆ ಮರಳಿದ ಮೇಲೆ ಅವರು ಮೊಬೈಲ್ ಫೋನಿಗೇ ಶರಣಾದರು. ಅದರಲ್ಲಿ ಕಲ್ಲು ಚೆನ್ನಾಗಿ ಕಾಣುತ್ತದೆ, ಕಲ್ಲಿನ ಮೇಲಿನ ಅಕ್ಷರ ಕಾಣುವುದಿಲ್ಲ. ‘ಇದನ್ನು ಮಾರಿ ಬೇರೆಯದನ್ನು ಕೊಳ್ಳಲೇ? ಒಳ್ಳೆಯ ಕ್ಯಾಮೆರಾ ಯಾವುದು?’ ಎಂದು ಮೊನ್ನೆ ಕೇಳಿದರು.

ಈ ಪ್ರಶ್ನೆಗೆ ನೂರ ಎಂಬತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. 1839ರಲ್ಲಿ ಫ್ರಾನ್ಸಿನಲ್ಲಿ ದಾಗೇರನ ಛಾಯಾಗ್ರಹಣ ವಿಧಾನ ಬಹಿರಂಗವಾದಂದಿನಿಂದ ಕ್ಯಾಮೆರಾ ಹಿಡಿದವರೆಲ್ಲ ಇದನ್ನು ಕೇಳಿಕೊಂಡಿದ್ದಾರೆ. ಕಾಲಕಾಲಕ್ಕೆ ಅವರು ಕಂಡುಕೊಂಡ ಉತ್ತರಗಳನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಿತ್ರವೊಂದು ಮೂಡಲು ಇಷ್ಟು ಕೆಲಸ ಆಗಲೇಬೇಕು. ಅದರಲ್ಲಿ ಎಷ್ಟನ್ನು ಯಂತ್ರ ಮಾಡಬೇಕು, ಎಷ್ಟನ್ನು ಮನುಷ್ಯ ಮಾಡಬೇಕು ಎಂಬ ಹಂಚಿಕೆಯೇ ಕ್ಯಾಮೆರಾದ ಇತಿಹಾಸ. ತನಗೆ ಒಗ್ಗುವ ಹಂಚಿಕೆಯನ್ನು ಆರಿಸಿಕೊಂಡವನಿಗೆ ಕ್ಯಾಮೆರಾ ಒಲಿಯಿತು. ಉಳಿದವರಿಗೆ ಅದು ಬೀರುವಿನ ಅಲಂಕಾರವಾಯಿತು.

ಹಂಪೆಯಲ್ಲಿ ಒಬ್ಬ ಸೈನ್ಯಾಧಿಕಾರಿ

ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ ಹಂಪೆಯ ಅವಶೇಷಗಳ ಚಿತ್ರ ತೆಗೆದ. ಆ ಹೊತ್ತಿಗೆ ಯೂರೋಪಿನಲ್ಲಿ ‘ಅತ್ಯುತ್ತಮ’ ಎನಿಸಿಕೊಂಡಿದ್ದ ವಿಧಾನವೆಂದರೆ 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಗಾಜಿನ ಫಲಕದ್ದು. ಅದರಲ್ಲಿ ಚಿತ್ರ ಅತ್ಯಂತ ಸ್ಫುಟವಾಗಿ ಮೂಡುತ್ತಿತ್ತು. ಬೆಳಕಿಗೆ ಒಡ್ಡಬೇಕಾದ ಕಾಲವೂ ಕಡಿಮೆ. ಆದರೆ ಗಾಜಿಗೆ ಲೇಪಿಸಿದ ರಾಸಾಯನಿಕ ತೇವವಾಗಿರುವಾಗಲೇ ಚಿತ್ರ ತೆಗೆದು, ಅಲ್ಲೇ ಕತ್ತಲೆ ಡೇರೆಯೊಳಗೆ ಸಂಸ್ಕರಿಸಿ ಮುಗಿಸಬೇಕಿತ್ತು. ಅದಕ್ಕೆ ಸಿಗುತ್ತಿದ್ದುದು ಕೆಲವೇ ನಿಮಿಷ. ಹಂಪೆಯ ಬಂಡೆಗಳ ನಡುವೆ, ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ, ತೇವ ಎಷ್ಟು ಹೊತ್ತು ನಿಂತೀತು?

ಗ್ರೀನ್‌ಲಾ ಆರಿಸಿಕೊಂಡದ್ದು ಅದಕ್ಕಿಂತ ಹಳೆಯ ಕಾಗದದ ವಿಧಾನವನ್ನು. ಮೇಣ ಕುಡಿಸಿದ ಕಾಗದವನ್ನು ಮೊದಲೇ ಸಿದ್ಧಪಡಿಸಿ ಒಯ್ಯಬಹುದಿತ್ತು. ಚಿತ್ರ ತೆಗೆದ ಮೇಲೆ ಬಿಡಾರಕ್ಕೆ ಮರಳಿ ನಿಧಾನವಾಗಿ ಸಂಸ್ಕರಿಸಬಹುದಿತ್ತು. ಅದರ ದೋಷ ಒಂದೇ. ಬೆಳಕಿಗೆ ನಿಮಿಷಗಟ್ಟಲೆ ಒಡ್ಡಬೇಕು. ಓಡಾಡುವ ಮನುಷ್ಯರು ಅದರಲ್ಲಿ ಮಾಯವಾಗಿಬಿಡುತ್ತಾರೆ. ಆದರೆ ಗ್ರೀನ್‌ಲಾಗೆ ಬೇಕಾಗಿದ್ದುದು ಕಲ್ಲಿನ ಮಂಟಪಗಳು. ಅವು ಓಡಿಹೋಗುವುದಿಲ್ಲ. ಎಂತಲೇ ವಿಧಾನದ ದೋಷ ಅವನ ಕೆಲಸಕ್ಕೆ ದೋಷವಾಗಲಿಲ್ಲ. ಒಂದೊಂದೂ ಸುಮಾರು ಒಂದೂವರೆ ಅಡಿ ಉದ್ದದ ಕಾಗದದ ನೆಗೆಟಿವ್‌ಗಳಲ್ಲಿ ಅವನು ವಿಜಯನಗರವನ್ನು ಹಿಡಿದಿಟ್ಟ.

ಇದೇ ಕಾಲಕ್ಕೆ ಇನ್ನೂ ಕೆಲವರು ಇದೇ ಆಯ್ಕೆ ಮಾಡಿದ್ದರು. ಕ್ಯಾಪ್ಟನ್ ಲಿನಿಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರುಗಳನ್ನು ಚಿತ್ರಿಸಿದ್ದು ಕಾಗದದ ಮೇಲೆಯೇ. ಥಾಮಸ್ ಬಿಗ್ಸ್ 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಬಳಸಿದ್ದೂ ಅದನ್ನೇ. ಇದಕ್ಕೆ ಪ್ರತಿಯಾಗಿ, 1860ರ ದಶಕದಲ್ಲಿ ಗಾಜಿನ ಫಲಕಗಳೊಡನೆ ಹಿಮಾಲಯಕ್ಕೆ ಹೊರಟ ಸ್ಯಾಮ್ಯುಯೆಲ್ ಬೋರ್ನ್ ತನ್ನ ಡೇರೆ, ಗಾಜು, ಸೀಸೆಗಳನ್ನು ಹೊರಲು ಹತ್ತಾರು ಕೂಲಿಗಳನ್ನು ಕರೆದೊಯ್ಯಬೇಕಾಯಿತು. ಬೋರ್ನ್ ಚಿತ್ರ ಮಾರಿ ಬದುಕುವ ವೃತ್ತಿಗಾರ. ಆ ಖರ್ಚು ಅವನಿಗೆ ಗಿಟ್ಟುತ್ತಿತ್ತು. ಹೀಗೆ ಇಬ್ಬರ ಆಯ್ಕೆಯೂ ಸರಿಯೇ. ಒಬ್ಬರ ಸಲಕರಣೆಯನ್ನು ಇನ್ನೊಬ್ಬರ ಕೈಗಿತ್ತಿದ್ದರೆ ಮಾತ್ರ ಇಬ್ಬರೂ ಸೋಲುತ್ತಿದ್ದರು.

ಗುಂಡಿ ಒತ್ತಿದರೆ ಸಾಕು

ಈ ತನಕ ಛಾಯಾಗ್ರಾಹಕ ಎಂದರೆ ಅರ್ಧ ರಸಾಯನಶಾಸ್ತ್ರಿ. 1871ರಲ್ಲಿ ರಿಚರ್ಡ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಲೇಪದ ಒಣ ಫಲಕದ ಹಾದಿ ತೋರಿದ ಮೇಲೆ ಕತ್ತಲೆ ಡೇರೆ ಹೊರುವ ಕಷ್ಟ ತಪ್ಪಿತು. ಅಮೆರಿಕದ ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. 1888ರಲ್ಲಿ ಅವನು 25 ಡಾಲರಿಗೆ ಮಾರಾಟಕ್ಕಿಟ್ಟ ಕೊಡ್ಯಾಕ್ ಪೆಟ್ಟಿಗೆಯೊಳಗೆ ನೂರು ಚಿತ್ರಗಳಿಗಾಗುವ ಸುರುಳಿ ಇರುತ್ತಿತ್ತು. ನೂರೂ ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಅಂಚೆಯಲ್ಲಿ ಕಳಿಸುವುದು. 10 ಡಾಲರ್ ತೆತ್ತರೆ ಅವರು ಚಿತ್ರಗಳನ್ನು ಅಚ್ಚು ಹಾಕಿ, ಹೊಸ ಸುರುಳಿ ತುಂಬಿ ಮರಳಿಸುತ್ತಿದ್ದರು.

ಇಲ್ಲಿ ಹಂಚಿಕೆ ಪೂರ್ತಿ ಬದಲಾಯಿತು. ಮನುಷ್ಯನ ಪಾಲಿಗೆ ಉಳಿದದ್ದು ಎದುರಿಗಿದ್ದುದನ್ನು ನೋಡಿ ಗುಂಡಿ ಒತ್ತುವುದಷ್ಟೇ. 1900ರಲ್ಲಿ ಅದೇ ಕಂಪನಿ ಒಂದೇ ಡಾಲರಿಗೆ ‘ಬ್ರೌನಿ’ ಎಂಬ ರಟ್ಟಿನ ಕ್ಯಾಮೆರಾ ತಂದಾಗ ಶಾಲೆಯ ಮಕ್ಕಳೂ ಛಾಯಾಗ್ರಾಹಕರಾದರು. ಆದರೆ ಇದಕ್ಕೊಂದು ಬೆಲೆಯಿತ್ತು. ಬ್ರೌನಿಯ ಮಸೂರ ಕದಲದು, ಶಟರಿನ ವೇಗ ಬಹುಮಟ್ಟಿಗೆ ಒಂದೇ. ಹೊರಗೆ ಬಿಸಿಲಿರಬೇಕು, ಎದುರಿಗಿರುವವರು ಕೆಲವು ಅಡಿ ದೂರದಲ್ಲಿ ಕದಲದೆ ನಿಲ್ಲಬೇಕು. ಯಂತ್ರ ಕೆಲಸವನ್ನು ವಹಿಸಿಕೊಂಡಿತು ನಿಜ. ಜೊತೆಗೆ ಎಂಥ ಚಿತ್ರ ಸಾಧ್ಯ ಎಂಬುದನ್ನೂ ತಾನೇ ತೀರ್ಮಾನಿಸಿಬಿಟ್ಟಿತು.

ಇನ್ನೊಂದು ದಾರಿ ಜರ್ಮನಿಯಲ್ಲಿ ತೆರೆಯಿತು. ಆಸ್ಕರ್ ಬಾರ್ನಾಕ್ ಎಂಬ ಕುಶಲ ಯಂತ್ರಕರ್ಮಿಗೆ ಆಸ್ತಮಾ. ಭಾರದ ಕ್ಯಾಮೆರಾ ಹೊತ್ತು ಗುಡ್ಡ ಹತ್ತಲು ಅವನಿಗೆ ಉಸಿರು ಸಾಲದು. ಸಿನಿಮಾ ಫಿಲಂನ್ನೇ ಬಳಸುವ ಅಂಗೈಯಗಲದ ಕ್ಯಾಮೆರಾವನ್ನು ಅವನು ಮಾಡಿಕೊಂಡ. ಅದೇ 1925ರಲ್ಲಿ ‘ಲೈಕಾ’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಅದರ ಚೌಕಟ್ಟನ್ನೇ ಇಂದಿಗೂ ‘ಫುಲ್ ಫ್ರೇಮ್’ ಎನ್ನುತ್ತೇವೆ. ಮನುಷ್ಯನೊಬ್ಬನ ದುರ್ಬಲ ಶ್ವಾಸಕೋಶಕ್ಕೆ ತಕ್ಕ ಕ್ಯಾಮೆರಾ ಒಂದು ಶತಮಾನದ ಅಳತೆಗೋಲಾಯಿತು! ಆದರೆ ಲೈಕಾ ಬ್ರೌನಿಯಂತಲ್ಲ. ಬೆಳಕಿನ ಕಿಂಡಿ ಎಷ್ಟು ತೆರೆಯಬೇಕು, ಶಟರು ಎಷ್ಟು ಹೊತ್ತು ತೆರೆದಿರಬೇಕು, ದೂರ ಎಷ್ಟು ಎಂಬುದನ್ನೆಲ್ಲ ಹಿಡಿದವನೇ ತೀರ್ಮಾನಿಸಬೇಕು. ಕಲಿತವನಿಗೆ ಅದು ಸ್ವಾತಂತ್ರ್ಯ, ಕಲಿಯದವನಿಗೆ ತಲೆನೋವು.

ನಮ್ಮ ಕಡೆಯ ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಬ್ರೌನಿಯ ಜಾತಿಯ ಪೆಟ್ಟಿಗೆಗಳೇ. ‘ಆಗ್ಫಾ ಕ್ಲಿಕ್-3’ ಹಲವರಿಗೆ ನೆನಪಿರಬಹುದು. ಅಗಲ ಫಿಲಂನ ಒಂದು ಸುರುಳಿಗೆ ಹನ್ನೆರಡು ಚೌಕ ಚಿತ್ರಗಳು. ಹನ್ನೆರಡೇ ಇದ್ದುದರಿಂದ ಪ್ರತಿಯೊಂದಕ್ಕೂ ಮುನ್ನ ಮನೆಯಲ್ಲಿ ಸಮಾಲೋಚನೆ ನಡೆಯುತ್ತಿತ್ತು. ಅಜ್ಜಿಗೆ ಒಂದು, ಮಗುವಿನ ನಾಮಕರಣಕ್ಕೆ ಮೂರು, ಜೋಗಕ್ಕೆ ಹೋದಾಗ ನಾಲ್ಕು. ಸುರುಳಿ ಮುಗಿಯಲು ಕೆಲವೊಮ್ಮೆ ವರ್ಷವೇ ಹಿಡಿಯುತ್ತಿತ್ತು. ತೊಳೆಸಿ ನೋಡಿದಾಗ ಅರ್ಧದಲ್ಲಿ ತಲೆಗಳು ಹಾರಿಹೋಗಿರುತ್ತಿದ್ದವು. ಆದರೂ ಉಳಿದ ಆರು ಚಿತ್ರಗಳು ಇಂದಿಗೂ ಆಲ್ಬಮ್ಮಿನಲ್ಲಿವೆ.

ಫಿಲಂ ಇಲ್ಲದ ಪೆಟ್ಟಿಗೆ

ಡಿಜಿಟಲ್ ಕ್ಯಾಮೆರಾದ ಹುಟ್ಟು ಫಿಲಂ ಸಾಮ್ರಾಜ್ಯದ ಅರಮನೆಯಲ್ಲೇ ಆದದ್ದು ವಿಚಿತ್ರ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ‘ಸಿಸಿಡಿ’ ಎಂಬ ಸಿಲಿಕಾನ್ ಬಿಲ್ಲೆಯನ್ನು ಕಲ್ಪಿಸಿದರು. ಬಿದ್ದ ಬೆಳಕಿಗೆ ತಕ್ಕಂತೆ ವಿದ್ಯುದಂಶವನ್ನು ಸಂಗ್ರಹಿಸಿ, ಸಾಲುಸಾಲಾಗಿ ಹೊರಕ್ಕೆ ಸಾಗಿಸುವ ಬಿಲ್ಲೆ ಅದು. ಇದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅಂಥದೊಂದು ಬಿಲ್ಲೆಯನ್ನು ಬಳಸಿ 1975ರ ಡಿಸೆಂಬರಿನಲ್ಲಿ ಕೊಡ್ಯಾಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾವನ್ನು ಜೋಡಿಸಿದ. ತೂಕ ಸುಮಾರು 3.6 ಕಿಲೋ. ಚಿತ್ರದಲ್ಲಿ ಇದ್ದದ್ದು ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಒಟ್ಟು 10,000 ಚುಕ್ಕಿಗಳು. ಒಂದು ಕಪ್ಪುಬಿಳುಪು ಚಿತ್ರವನ್ನು ಟೇಪಿನ ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು. ನೋಡಬೇಕಾದರೆ ಟಿವಿ ಬೇಕು.

ಅದು ಮನೆಮನೆಗೆ ಬರಲು ಇನ್ನೂ ಎರಡು ದಶಕ ಹಿಡಿಯಿತು. 1995ರಲ್ಲಿ ಜಪಾನಿನ ಕ್ಯಾಸಿಯೊ ಕಂಪನಿಯ ಕ್ಯೂವಿ-10 ಮಾದರಿ ಬೆನ್ನಿನ ಮೇಲೊಂದು ಪುಟ್ಟ ಪರದೆ ಹೊತ್ತು ಬಂತು. ಚುಕ್ಕಿಗಳ ಲೆಕ್ಕದಲ್ಲಿ ಅದು ಬಡವ. ಆದರೆ ತೆಗೆದ ಚಿತ್ರವನ್ನು ಆ ಕ್ಷಣವೇ ನೋಡುವ ಅಭ್ಯಾಸವನ್ನು ಜನರಿಗೆ ಹಿಡಿಸಿದವುಗಳಲ್ಲಿ ಅದೇ ಮುಖ್ಯವಾದದ್ದು. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ. ಫಿಲಂ ಕಾಲದಲ್ಲಿ ತಪ್ಪು ಗೊತ್ತಾಗಲು ವಾರವಾಗುತ್ತಿತ್ತು. ಅಷ್ಟರಲ್ಲಿ ಏನು ಮಾಡಿದ್ದೆ ಎಂಬುದೇ ಮರೆತಿರುತ್ತಿತ್ತು. 1999ರಲ್ಲಿ ಬಂದ ನಿಕಾನ್ ಡಿ1 ಪತ್ರಿಕಾ ಛಾಯಾಗ್ರಾಹಕರ ಕೈಗೂ, 2003ರಲ್ಲಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಸಿಕ್ಕ ಕ್ಯಾನನ್ 300ಡಿ ಹವ್ಯಾಸಿಗಳ ಕೈಗೂ ಡಿಜಿಟಲ್ ಎಸ್‌ಎಲ್‌ಆರ್‌ಗಳನ್ನು ತಲುಪಿಸಿದವು. 2008ರಲ್ಲಿ ಪ್ಯಾನಸಾನಿಕ್ ಜಿ1 ಮಾದರಿಯೊಂದಿಗೆ, ಒಳಗಿನ ಕನ್ನಡಿಯನ್ನೇ ತೆಗೆದುಹಾಕಿದ ‘ಮಿರರ್‌ಲೆಸ್’ ಕ್ಯಾಮೆರಾಗಳ ಸಾಲು ಶುರುವಾಯಿತು.

ಈ ಮಧ್ಯೆ ಫೋನು ಒಳಹೊಕ್ಕಿತು. ಕ್ಯಾಮೆರಾ ಕಂಪನಿಗಳು 2010ರಲ್ಲಿ ಲೋಕಕ್ಕೆಲ್ಲ ಕಳಿಸಿದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ ಸುಮಾರು 12 ಕೋಟಿ. 2023ರಲ್ಲಿ ಅದು ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಅಷ್ಟರಲ್ಲಾಗಲೇ, 2012ರ ಜನವರಿಯಲ್ಲಿ, ಡಿಜಿಟಲ್ ಕ್ಯಾಮೆರಾವನ್ನು ಹಡೆದ ಕೊಡ್ಯಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತ್ತು. ಬ್ರೌನಿ ಮಾಡುತ್ತಿದ್ದ ಕೆಲಸವನ್ನು ಈಗ ಫೋನು ಮಾಡುತ್ತಿದೆ, ಬಹಳ ಚೆನ್ನಾಗಿಯೇ ಮಾಡುತ್ತಿದೆ. ಆದ್ದರಿಂದ ಇಂದು ಪ್ರತ್ಯೇಕ ಕ್ಯಾಮೆರಾ ಕೊಳ್ಳುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ‘ನನ್ನ ಫೋನು ಯಾವ ಕೆಲಸದಲ್ಲಿ ಸೋಲುತ್ತಿದೆ?’ ಎಂಬುದು. ಉತ್ತರ ಹೊಳೆಯದಿದ್ದರೆ ಹಣ ಉಳಿಯಿತು.

ಮೆಗಾಪಿಕ್ಸೆಲ್ ಎಂಬ ಮಾಯೆ

ಅಂಗಡಿಗೆ ಹೋದವರಿಗೆ ಮೊದಲು ಕಿವಿಗೆ ಬೀಳುವ ಮಾತು ಮೆಗಾಪಿಕ್ಸೆಲ್. ಹತ್ತು ಲಕ್ಷ ಚುಕ್ಕಿಗಳಿಗೆ ಒಂದು ಮೆಗಾಪಿಕ್ಸೆಲ್. ಸಂಖ್ಯೆ ಹೆಚ್ಚಿದ್ದಷ್ಟೂ ಕ್ಯಾಮೆರಾ ಮೇಲು ಎಂಬ ನಂಬಿಕೆ 2000ದ ದಶಕದಲ್ಲಿ ಜಾಹೀರಾತುಗಳಿಂದ ಬಲವಾಗಿ ಬೇರೂರಿತು. ಲೆಕ್ಕ ಹಾಕಿ ನೋಡೋಣ. ಅಂಗುಲಕ್ಕೆ 300 ಚುಕ್ಕಿಯಂತೆ, ಆಲ್ಬಮ್ಮಿಗೆ ಅಂಟಿಸುವ 4 ಅಂಗುಲ ಎತ್ತರ, 6 ಅಂಗುಲ ಅಗಲದ ಚಿತ್ರಕ್ಕೆ ಬೇಕಾದದ್ದು ಸುಮಾರು 22 ಲಕ್ಷ ಚುಕ್ಕಿಗಳು, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. 24 ಮೆಗಾಪಿಕ್ಸೆಲ್ಲಿನಿಂದ 20 ಅಂಗುಲ ಅಗಲದ ಚಿತ್ರವನ್ನು ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಬಹುದು. ಅಗಲ ಇಮ್ಮಡಿಯಾಗಬೇಕಾದರೆ ಚುಕ್ಕಿಗಳು ನಾಲ್ಕು ಪಟ್ಟಾಗಬೇಕು ಎಂಬುದನ್ನೂ ಮರೆಯಬಾರದು. ಹಾಗಾಗಿ 20ರಿಂದ 24ಕ್ಕೆ ಏರಿದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇಲ್ಲ.

2004ರಲ್ಲಿ ಮಂಗಳ ಗ್ರಹದ ಮೇಲಿಳಿದ ‘ಸ್ಪಿರಿಟ್’ ವಾಹನದ ಮುಖ್ಯ ಕ್ಯಾಮೆರಾಗಳು ತಲಾ ಒಂದೇ ಮೆಗಾಪಿಕ್ಸೆಲ್ಲಿನವು. ಹಣಕ್ಕೆ ಬಡತನವಿದ್ದುದರಿಂದಲ್ಲ. ಅಲ್ಲಿಂದ ಭೂಮಿಗೆ ಚಿತ್ರ ಕಳಿಸುವ ಹಾದಿ ಕಿರಿದು, ಬಂಡೆಗಳೋ ಕದಲುವವಲ್ಲ. ಸಣ್ಣ ಸಣ್ಣ ಚಿತ್ರಗಳನ್ನು ತೆಗೆದು ಭೂಮಿಯ ಮೇಲೆ ಜೋಡಿಸಿಕೊಂಡರಾಯಿತು. ಹಂಪೆಯ ಗ್ರೀನ್‌ಲಾ ಮಾಡಿದ ಲೆಕ್ಕಾಚಾರವೂ ಇದೇ ತೆರನದು.

ಚುಕ್ಕಿಗಳ ಸಂಖ್ಯೆಗಿಂತ ಹೆಚ್ಚು ಗಮನಿಸಬೇಕಾದದ್ದು ಬೆಳಕು ಬೀಳುವ ಬಿಲ್ಲೆಯ, ಅಂದರೆ ಸೆನ್ಸರಿನ ವಿಸ್ತಾರವನ್ನು. ಮಳೆಯಲ್ಲಿ ಇಟ್ಟ ಲೋಟಕ್ಕಿಂತ ಪರಾತದಲ್ಲಿ ಹೆಚ್ಚು ನೀರು ನಿಲ್ಲುವಂತೆ, ದೊಡ್ಡ ಬಿಲ್ಲೆಗೆ ಹೆಚ್ಚು ಬೆಳಕು ದಕ್ಕುತ್ತದೆ. ಫುಲ್ ಫ್ರೇಮ್ ಬಿಲ್ಲೆಯ ವಿಸ್ತಾರ 864 ಚದರ ಮಿಲಿಮೀಟರ್. ಹವ್ಯಾಸಿಗಳು ಬಳಸುವ ‘ಎಪಿಎಸ್-ಸಿ’ ಬಿಲ್ಲೆಯದು 370ರ ಆಸುಪಾಸು. ಅಗ್ಗದ ಸಣ್ಣ ಕ್ಯಾಮೆರಾಗಳಲ್ಲಿದ್ದ ಬಿಲ್ಲೆ ಹೆಚ್ಚುಕಡಿಮೆ 28 ಚದರ ಮಿಲಿಮೀಟರ್, ಅಂದರೆ ಫುಲ್ ಫ್ರೇಮಿನ ಮೂವತ್ತನೆಯ ಒಂದು ಪಾಲು. ಅಷ್ಟರಲ್ಲೇ ಹೆಚ್ಚು ಹೆಚ್ಚು ಚುಕ್ಕಿಗಳನ್ನು ತುರುಕಿದರೆ ಪ್ರತಿ ಚುಕ್ಕಿಯ ಪಾಲಿಗೆ ಬರುವ ಬೆಳಕು ಕಡಿಮೆಯಾಗಿ, ಮಬ್ಬಿನಲ್ಲಿ ತೆಗೆದ ಚಿತ್ರದಲ್ಲಿ ರವೆ ಚೆಲ್ಲಿದಂಥ ಕಲೆಗಳು ಮೂಡುತ್ತವೆ. ಫೋನುಗಳು ಹಲವು ಚಿತ್ರಗಳನ್ನು ಒಟ್ಟಿಗೆ ತೆಗೆದು ಬೆರೆಸಿ ಈ ರವೆಯನ್ನು ಒರೆಸಿಹಾಕುತ್ತವೆ. ಒರೆಸುವಾಗ ಕೆಲವೊಮ್ಮೆ ಕಲ್ಲಿನ ಸಣ್ಣ ಗೀರುಗಳೂ ಒರೆಸಿಹೋಗುತ್ತವೆ.

ಆದರೆ ದೊಡ್ಡ ಬಿಲ್ಲೆಗೆ ದೊಡ್ಡ ಮಸೂರವೇ ಬೇಕು. ಆಗ ತೂಕ ಏರುತ್ತದೆ, ಬೆಲೆ ಏರುತ್ತದೆ, ಮನೆಯಲ್ಲಿ ಬಿಟ್ಟುಹೋಗುವ ಮನಸ್ಸೂ ಏರುತ್ತದೆ. ಬಾರ್ನಾಕನ ಉಸಿರಾಟದ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ.

ಕೊಳ್ಳುವ ಮುನ್ನ

ಹಾಗಾದರೆ ಆರಿಸುವುದು ಹೇಗೆ? ಮೊದಲು ವಿಷಯ. ಮಲೆನಾಡಿನ ಮರಗಳ ನೆರಳಿನಲ್ಲಿ ಹಕ್ಕಿಗಳ ಚಿತ್ರ ತೆಗೆಯಹೊರಟವರಿಗೆ ದೂರದ ಮಸೂರ, ಚುರುಕಾದ ಶಟರು ಅನಿವಾರ್ಯ. ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿಗಳಿಗಾಗಿ ಕಾದ ಪೂರ್ಣಚಂದ್ರ ತೇಜಸ್ವಿಯವರ, ವನ್ಯಜೀವಿ ಛಾಯಾಗ್ರಹಣಕ್ಕೆ ಬದುಕನ್ನೇ ಕೊಟ್ಟ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ಚಿತ್ರಗಳನ್ನು ನೋಡಿದವರಿಗೆ, ಉಪಕರಣದ ಜೊತೆಗೆ ಇನ್ನೊಂದು ವಸ್ತು ಎಷ್ಟು ಬೇಕು ಎಂಬುದೂ ತಿಳಿದಿರುತ್ತದೆ. ಅದೆಂದರೆ ತಾಳ್ಮೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯ ಮಕ್ಕಳ, ಮದುವೆ ಮುಂಜಿಗಳ ಚಿತ್ರಕ್ಕೆ ಫೋನು ಸಾಕು. ಮಬ್ಬು ಬೆಳಕಿನ ಕಲ್ಯಾಣ ಮಂಟಪದಲ್ಲಿ ಅದು ಸೋಲುತ್ತದೆ ಎನಿಸಿದರೆ ಎಪಿಎಸ್-ಸಿ ಬಿಲ್ಲೆಯ ಸಣ್ಣ ಮಿರರ್‌ಲೆಸ್ ಸಾಕು. ಪ್ರವಾಸದಲ್ಲಿ ಜೇಬಿಗೆ ಹಿಡಿಸುವುದೇ ಮುಖ್ಯ.

ಎರಡನೆಯದು ಕೈಯ ಪಳಗಿಕೆ. ಬೆಳಕಿನ ಕಿಂಡಿ, ಶಟರಿನ ವೇಗ, ಬಿಲ್ಲೆಯ ಸಂವೇದನೆ ಎಂಬ ಮೂರನ್ನು ಹೊಂದಿಸುವುದೇ ಛಾಯಾಗ್ರಹಣದ ಮೂಲ ಪಾಠ. ಈ ಮೂರನ್ನೂ ಯಂತ್ರಕ್ಕೆ ಬಿಡುತ್ತೇನೆ ಎನ್ನುವವರು ಗುಂಡಿಗಳಿಗಾಗಿ ಹಣ ತೆರಬೇಕಾಗಿಲ್ಲ. ಕಲಿಯುತ್ತೇನೆ ಎನ್ನುವವರು ಒಂದನ್ನಾದರೂ ಕೈಯಿಂದ ತಿರುಗಿಸಬಲ್ಲ ಕ್ಯಾಮೆರಾ ಕೊಳ್ಳಲಿ. ಹಳೆಯ, ಒಬ್ಬರು ಬಳಸಿಬಿಟ್ಟ ಎಸ್‌ಎಲ್‌ಆರ್ ಆದರೂ ಅಡ್ಡಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಛಾಯಾಗ್ರಹಣದಲ್ಲಿ ನಾವು ಪ್ರತಿ ವರ್ಷ ನೆಲವನ್ನೇ ಬದಲಾಯಿಸುತ್ತಿದ್ದೇವೆ.

ಮೂರನೆಯದು ಬಹಳ ಜನ ಯೋಚಿಸದೇ ಇರುವುದು: ತೆಗೆದ ಚಿತ್ರ ಎಲ್ಲಿ ಉಳಿಯುತ್ತದೆ? ಗ್ರೀನ್‌ಲಾನ ಕಾಗದದ ನೆಗೆಟಿವ್‌ಗಳು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಹಂಪೆಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಅವೇ ಸ್ಮಾರಕಗಳ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನೂರ ಇಪ್ಪತ್ತೇಳು ವರ್ಷಗಳಲ್ಲಿ ಕಳೆದುಹೋದದ್ದೇನು ಎಂಬುದು ಕಂಡಿತು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಮೊದಲು ಇಟ್ಟಿಗೆಯ ಶಿಖರವಿತ್ತು; ಇಂದು ಇಲ್ಲ. ನೋಟಿನ ಮೇಲೂ ಅಚ್ಚಾಗಿರುವ ಆ ರಥವನ್ನು ನೋಡುವ ನಮಗೆ, ಅದು ಹೀಗಿರಲಿಲ್ಲ ಎಂದು ಹೇಳುವುದು ಆ ಕಾಗದದ ಚಿತ್ರ. ಇಪ್ಪತ್ತು ವರ್ಷದ ಹಿಂದೆ ಸಿ.ಡಿ.ಗೆ ಹಾಕಿಸಿಟ್ಟ ನಮ್ಮ ಚಿತ್ರಗಳನ್ನು ಇಂದು ತೆರೆದು ನೋಡಬಲ್ಲವರು ಎಷ್ಟು ಮಂದಿ? ಎಷ್ಟೋ ಮನೆಗಳಲ್ಲಿ ಆ ತಟ್ಟೆಯನ್ನು ಓದುವ ಯಂತ್ರವೇ ಇಲ್ಲ. ಕ್ಯಾಮೆರಾಕ್ಕೆ ತೆಗೆದಿಟ್ಟ ಹಣದಲ್ಲಿ ಒಂದಿಷ್ಟನ್ನು ಎರಡು ಕಡೆ ಪ್ರತಿ ಇಡಲು, ಮುಖ್ಯವಾದವನ್ನು ಕಾಗದದ ಮೇಲೆ ಅಚ್ಚು ಹಾಕಿಸಲು ಮೀಸಲಿಡುವುದು ಜಾಣತನ.

ಮೇಷ್ಟರ ವಿಷಯಕ್ಕೆ ಬರೋಣ. ಒಂದು ಭಾನುವಾರ ಅವರೊಡನೆ ಕೆರೆ ಏರಿಯ ಮೇಲಿನ ಶಾಸನದ ಬಳಿಗೆ ಹೋದೆವು. ಅವರು ಸಾಮಾನ್ಯವಾಗಿ ಹೋಗುತ್ತಿದ್ದುದು ಊಟವಾದ ಮೇಲೆ, ನೆತ್ತಿಯ ಬಿಸಿಲಿನಲ್ಲಿ. ಬೆಳಕು ಸಾಲದು ಎನಿಸಿದರೆ ಎದುರಿನಿಂದ ಫ್ಲಾಶ್ ಹಾಕುತ್ತಿದ್ದರು. ಅಂದು ಬೆಳಿಗ್ಗೆ ಏಳು ಗಂಟೆಗೇ ಹೋದೆವು. ಸೂರ್ಯ ಕಲ್ಲಿನ ಒಂದು ಪಕ್ಕದಿಂದ ಓರೆಯಾಗಿ ಬೆಳಗುತ್ತಿದ್ದ. ಸವೆದ ಪ್ರತಿ ಅಕ್ಷರದೊಳಗೂ ನೆರಳು ತುಂಬಿ ಸಾಲುಗಳು ಎದ್ದು ನಿಂತವು. ಅವರ ಫೋನಿನಲ್ಲೇ ಅಕ್ಷರಗಳು ಕಂಡವು! ಸೋತದ್ದು ಕ್ಯಾಮೆರಾ ಆಗಿರಲಿಲ್ಲ, ಹೊತ್ತು.

ಆದರೆ ಗುಡಿಯೊಳಗಿನ ಕತ್ತಲೆಯಲ್ಲಿದ್ದ ಇನ್ನೊಂದು ಕಲ್ಲಿಗೆ ಬಿಸಿಲು ಬರುವಂತಿರಲಿಲ್ಲ. ಅಲ್ಲಿ ಮಗನ ಕ್ಯಾಮೆರಾ ಬೇಕಾಯಿತು. ಉದ್ದನೆಯ ಮಸೂರವನ್ನು ಕಳಚಿ, ಒಂದು ಸಣ್ಣ ಮಸೂರ ಹಾಕಿ, ಮುಕ್ಕಾಲಿಯ ಮೇಲೆ ನಿಲ್ಲಿಸಿ, ಪಕ್ಕದಿಂದ ಟಾರ್ಚು ಹಿಡಿದು, ಶಟರನ್ನು ನಾಲ್ಕು ಸೆಕೆಂಡು ತೆರೆದಿಟ್ಟೆವು. ಕಲ್ಲು ಕದಲುವುದಿಲ್ಲವಷ್ಟೆ. ಅಷ್ಟೂ ಗುಂಡಿಗಳಲ್ಲಿ ಮೇಷ್ಟರು ಅಂದು ಕಲಿತದ್ದು ಎರಡೇ ಎರಡು. ಅವರ ಕೆಲಸಕ್ಕೆ ಅಷ್ಟು ಸಾಕಾಯಿತು.

ಈ ಕೆಲಸಕ್ಕೆ ಅವಸರವೂ ಇದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಸಂಪುಟದಲ್ಲಿ ದಾಖಲಾದ ಹಲವು ಶಾಸನಗಳು ರಸ್ತೆ, ಬಡಾವಣೆಗಳ ಅಡಿಯಲ್ಲಿ ಕಣ್ಮರೆಯಾಗಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಉಳಿದವನ್ನು ಹುಡುಕಿ ಮೂರು ಆಯಾಮಗಳಲ್ಲಿ ದಾಖಲಿಸುವ ಕೆಲಸ ಕೈಗೊಂಡಿದೆ. ಊರೂರಿನ ಕಲ್ಲುಗಳನ್ನೆಲ್ಲ ಒಂದು ಸಂಸ್ಥೆಯೇ ತಲುಪಲಾರದು. ಮೇಷ್ಟರು ಕ್ಯಾಮೆರಾ ಮಾರಲಿಲ್ಲ. ಉದ್ದನೆಯ ಮಸೂರವನ್ನು ಮಾತ್ರ ಹಕ್ಕಿಗಳ ಹುಚ್ಚಿರುವ ಪಕ್ಕದ ಮನೆಯ ಹುಡುಗನಿಗೆ ಕೊಟ್ಟಿದ್ದಾರೆ. ಮುಂದಿನ ವಾರ ಇನ್ನೊಂದು ಹಳ್ಳಿಗೆ ಹೋಗಬೇಕಂತೆ, ಸೂರ್ಯ ಮೇಲೇರುವುದರೊಳಗೆ.